ಆಮ್ಲ–ಪ್ರತ್ಯಾಮ್ಲ ಅನುಮಾಪನ

ಸಾರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತ, ತಟಸ್ಥೀಕರಣಕ್ಕೆ ಎಷ್ಟು ಬೇಕಾಯಿತೆಂಬುದರಿಂದ ಇನ್ನೊಂದು ದ್ರಾವಣದ ಸಾರತೆಯನ್ನು ಲೆಕ್ಕಹಾಕುವ ರಾಸಾಯನಿಕ ವಿಧಾನ. ಇದು ಬೆಳೆದದ್ದು 18ನೆಯ ಶತಮಾನದ ಯುರೋಪಿನಲ್ಲಿ.

ಆರಂಭ. 1729ರಲ್ಲಿ ಫ್ರಾನ್ಸಿನ ಕ್ಲೋದ್ ಜೋಸೆಫ್ ಜೆಫ್ರುವಾ ವಿನೆಗರಿನ ಹುಳಿಯನ್ನು ಅಳೆಯಲು ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿಯನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಹಾಕಿದ. ಬಟ್ಟೆಯನ್ನು ಬಿಳುಪುಗೊಳಿಸುವವರಿಗೆ ಕ್ಷಾರದ ಗುಣಮಟ್ಟ ತಿಳಿಯಬೇಕಿತ್ತು. ಅದಕ್ಕಾಗಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಹೋಮ್ 1756ರಲ್ಲಿ ನೈಟ್ರಿಕ್ ಆಮ್ಲವನ್ನು ಚಮಚದ ಲೆಕ್ಕದಲ್ಲಿ ಬಳಸಿದ. ನೊರೆ ಯಾವಾಗ ನಿಂತಿತೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. 1767ರಲ್ಲಿ ವಿಲಿಯಂ ಲೂಯಿಸ್ ಲಿಟ್ಮಸ್ ಬಳಿದ ಕಾಗದವನ್ನು ಬಳಸಿ, ಅಂತಿಮ ಬಿಂದುವನ್ನು ಬಣ್ಣದಿಂದ ಗುರುತಿಸಿದ.

ಉಪಕರಣಗಳು. ರೂಆನ್ ನಗರದ ದೆಕ್ರುವಾಜಿಲ್ 1806ರಲ್ಲಿ ಗೆರೆಗಳಿದ್ದ ಕ್ಷಾರಮಾಪಕವನ್ನು ವಿವರಿಸಿದ. ಬ್ಯುರೆಟ್, ಪಿಪೆಟ್ ಎಂಬ ಹೆಸರುಗಳನ್ನು ಗೇ-ಲುಸಾಕ್ 1824ರಲ್ಲಿ ಬಳಕೆಗೆ ತಂದ. ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್ ರಬ್ಬರ್ ಕೊಳವೆ ಹಾಗೂ ಚಿಮಟದ ಬ್ಯುರೆಟ್ಟಿನಿಂದ ಹನಿಗಳನ್ನು ಹತೋಟಿಗೆ ತಂದು, 1855ರಲ್ಲಿ ಅನುಮಾಪನದ ಕುರಿತ ಪಠ್ಯಗ್ರಂಥವನ್ನು ಪ್ರಕಟಿಸಿದ. ಶುದ್ಧ ಸ್ಫಟಿಕವಾಗಿ ತೂಗಬಹುದಾದ ಆಕ್ಸಾಲಿಕ್ ಆಮ್ಲವನ್ನು ಆತ ಮಾನಕವಾಗಿಸಿದ. ಗೊತ್ತಿಲ್ಲದ್ದನ್ನು ಅಳೆಯಲು ಮೊದಲು ಗೊತ್ತಿರುವುದು ನಂಬಿಕೆಗೆ ಅರ್ಹವಾಗಿರಬೇಕು. ಮಾನಕ ದ್ರಾವಣದ ಮಹತ್ತ್ವ ಇರುವುದು ಇಲ್ಲಿಯೇ.

ಲೆಕ್ಕಾಚಾರ. ಆಮ್ಲ ಮತ್ತು ಪ್ರತ್ಯಾಮ್ಲಗಳು ನಿಗದಿತ ಪ್ರಮಾಣದಲ್ಲಿಯೇ ಕೂಡುತ್ತವೆಂದು ಯೆರೆಮಿಯಾಸ್ ರಿಕ್ಟರ್ 1792ರಿಂದ ಪ್ರಕಟಿಸಿದ ಕೃತಿಯಲ್ಲಿ ತೋರಿಸಿದ. ಇಂದಿನ ಲೆಕ್ಕ ನಿಂತಿರುವುದು ಅದೇ ತತ್ತ್ವದ ಮೇಲೆ. 25 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ 20 ಮಿ.ಲೀ. ಹಿಡಿದರೆ, ಖರ್ಚಾದ ಆಮ್ಲ 0.002 ಮೋಲ್. ಒಂದಕ್ಕೊಂದು ಕೂಡುವುದರಿಂದ ಕ್ಷಾರವೂ ಅಷ್ಟೇ; ಅದರ ಸಾರತೆ 0.002 ÷ 0.025 = 0.08 ಮೋಲಾರ್. ಸಲ್ಫ್ಯೂರಿಕ್ ಆಮ್ಲದ ಒಂದು ಮೋಲ್ ಎರಡು ಮೋಲ್ ಕ್ಷಾರವನ್ನು ತಟಸ್ಥಗೊಳಿಸುತ್ತದೆ. ಆದ್ದರಿಂದ ಸಮೀಕರಣವನ್ನು ಮೊದಲು ಸರಿದೂಗಿಸಿಯೇ ಲೆಕ್ಕಕ್ಕೆ ಕೈಹಾಕಬೇಕು.

ಸೂಚಕಗಳು, ಸಿದ್ಧಾಂತ. ಫೀನಾಲ್ಫ್ಥಲೀನ್ 1877ರಲ್ಲಿ, ಮೀಥೈಲ್ ಆರೆಂಜ್ 1878ರಲ್ಲಿ ಸೂಚಕಗಳಾಗಿ ಬಂದವು. ಬಣ್ಣ ಬದಲಾಗುವ ಕಾರಣವನ್ನು ಓಸ್ಟ್‌ವಾಲ್ಡ್ 1894ರಲ್ಲಿ ಅಯಾನುಗಳ ನೆಲೆಯಲ್ಲಿ ವಿವರಿಸಿದ. ಕೋಪನ್‌ಹೇಗನ್ನಿನ ಸೋರೆನ್‌ಸೆನ್ 1909ರಲ್ಲಿ ಪಿಎಚ್ ಮಾನವನ್ನು ರೂಪಿಸಿದ ಮೇಲೆ, ಯಾವ ಅನುಮಾಪನಕ್ಕೆ ಯಾವ ಸೂಚಕ ಎಂಬುದು ಸ್ಪಷ್ಟವಾಯಿತು: ಅಸಿಟಿಕ್ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡಿನೊಡನೆ ಅನುಮಾಪಿಸಿದಾಗ ಸಮಾನತಾ ಬಿಂದು 7ಕ್ಕಿಂತ ಮೇಲಿರುತ್ತದೆ, ಅಲ್ಲಿ ಫೀನಾಲ್ಫ್ಥಲೀನೇ ತಕ್ಕದ್ದು. ಜೆಫ್ರುವಾ ನೊರೆಯಲ್ಲಿ ಹುಡುಕಿದ ವಿನೆಗರಿನ ಹುಳಿಯನ್ನು ಇಂದಿನ ವಿದ್ಯಾರ್ಥಿ ಆ ಸೂಚಕದ ತಿಳಿಗುಲಾಬಿ ಬಣ್ಣದಲ್ಲಿ ಕಾಣುತ್ತಾನೆ.