ಕೀಲೇಟ್

ಮಳೆಗಾಲದಲ್ಲಿ ಮೆಣಸೆ ಊರಿನ ಗದ್ದೆಯಂಚಲ್ಲಿ ಏಡಿ ಹಿಡಿದವರ ಬೆರಳಿಗೆ ಈ ಪದದ ಅರ್ಥ ಗೊತ್ತು: ಎರಡೂ ಕಡೆಯಿಂದ ಕಚ್ಚಿದರೆ ಬಿಡುವುದಿಲ್ಲ. ಗ್ರೀಕಿನಲ್ಲಿ ‘ಖೇಲೆ’ ಎಂದರೆ ಏಡಿಯ ಇಕ್ಕುಳ. ಒಂದೇ ಅಣು ಲೋಹವನ್ನು ಹಾಗೆ ಎರಡು ಕಡೆ ಹಿಡಿದರೆ ಅದು ಕೀಲೇಟ್. 1920ರಲ್ಲಿ ರಸಾಯನವಿಜ್ಞಾನಿಗಳಾದ ಮಾರ್ಗನ್ ಮತ್ತು ಡ್ರೂ ಇಟ್ಟ ಹೆಸರು. ತೋಟಕ್ಕೆ ತರುವ ‘ಚಿಲೇಟೆಡ್ ಜಿಂಕ್’ ಪೊಟ್ಟಣದ ಮೇಲಿರುವುದೂ ಇದೇ ಪದ.

ಕ್ಯಾನ್ಸರಿನ ಔಷಧ ಕಾರ್ಬೋಪ್ಲಾಟಿನ್‌ನಲ್ಲಿ ಹಿಡಿತಕ್ಕೆ ಸಿಕ್ಕಿರುವುದು ಪ್ಲಾಟಿನಂ. ದೇಹದೊಳಗೆ ಹಿಡಿತ ನಿಧಾನವಾಗಿ ಸಡಿಲುತ್ತದೆ. ಪ್ಲಾಟಿನಂ ಡಿಎನ್‌ಎಗೆ ಕಚ್ಚಿಕೊಂಡು ಕೋಶ ವಿಭಜನೆಯನ್ನು ತಡೆಯುತ್ತದೆ. ಆ ನಿಧಾನದಿಂದಲೇ ಮೂತ್ರಪಿಂಡಕ್ಕೆ ಇನ್ನೊಂದು ಪ್ಲಾಟಿನಂ ಔಷಧವಾದ ಸಿಸ್‌ಪ್ಲಾಟಿನ್‌ಗಿಂತ ಕಡಿಮೆ ಪೆಟ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರ ತಂಡ ಇಂಥದೇ ಹಿಡಿತವಿರುವ, ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶ ಕೊಲ್ಲುವ ಲೋಹ ಸಂಕೀರ್ಣಗಳನ್ನು ರೂಪಿಸಿದೆ.

ಲ್ಯಾಟಿನ್ನಿನ ‘ಕ್ಯಾನ್ಸರ್’ಗೂ ಏಡಿಯೆಂದೇ ಅರ್ಥ, ನಮ್ಮ ‘ಏಡಿಗಂತಿ’ಯಲ್ಲಿರುವುದೂ ಅದೇ ಏಡಿ. ಕೀಲೇಟನ್ನು ಕನ್ನಡದಲ್ಲಿ ‘ಏಡಿಹಿಡಿ’ ಎಂದು ಕರೆಯಲು ನನಗಿಷ್ಟ.