ಸೂರಿನ ಸಾಲ ಯಾರ ಲೆಕ್ಕಕ್ಕೆ? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ವಸತಿ ನೆರವಿನ ಚರಿತ್ರೆ

ಕರ್ನಾಟಕದಲ್ಲಿ ಬಡವರ ಮನೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಯೋಜನೆಗಳ ಹೆಸರು ಹಿಡಿದು ಬರೆಯುತ್ತಾರೆ: ಜನತಾ ಮನೆ, ಆಶ್ರಯ, ಅಂಬೇಡ್ಕರ್, ಬಸವ, ಆವಾಸ್. ಸರ್ಕಾರ ಬದಲಾದಾಗ ಹೆಸರೂ ಬದಲಾಗುತ್ತಿದ್ದುದರಿಂದ ಆ ಕ್ರಮ ಸಲೀಸು. ಆದರೆ ಈ ಮನೆಗಳಿಗೆ ದುಡ್ಡು ಎಲ್ಲಿಂದ ಬಂತು, ಅದಕ್ಕಾಗಿ ಮಾಡಿದ ಸಾಲವನ್ನು ಯಾರ ಲೆಕ್ಕಕ್ಕೆ ಬರೆದರು, ಆ ಲೆಕ್ಕಕ್ಕೆ ಮಿತಿ ಬಿದ್ದಾಗ ಅರ್ಧಕ್ಕೆ ನಿಂತ ಗೋಡೆಗಳ ಗತಿ ಏನಾಯಿತು ಎಂಬ ಪ್ರಶ್ನೆಗಳು ಆ ಕ್ರಮದಲ್ಲಿ ಎದುರಾಗುವುದೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಹಣದ ಮಿತಿಗೆ ಜಾಗದ ಮಿತಿಯೂ ಮಳೆಯ ಮಿತಿಯೂ ಸೇರಿಕೊಂಡಿವೆ. ನನ್ನ ವಾದ ಇಷ್ಟು: ನಾವು ಸಾಲ ತರುವ ಕಂಪನಿಯೊಂದನ್ನು ಕಟ್ಟಿಕೊಂಡೆವು, ಮನೆ ಕಟ್ಟಿಸಿ, ಬಾಡಿಗೆ ಪಡೆದು, ನೋಡಿಕೊಳ್ಳುವ ಲಾಭರಹಿತ ಸಂಸ್ಥೆಗಳನ್ನು ಕಟ್ಟಲಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದರೂ ಅದರ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಘಟ್ಟದ ಕೆಳಗಿನಿಂದ ಬಂದ ಆಳುಗಳು ಒಡೆಯರ ಜಾಗದಲ್ಲಿ ಬಿಡಾರ ಹೂಡಿಕೊಂಡು ಬದುಕುವ ತೀರ್ಥಹಳ್ಳಿ ಸೀಮೆಯ ಚಿತ್ರ ಅದರಲ್ಲಿದೆ. ಆಳಿಗೆ ಕೆಲಸ ಹೋದರೆ ಸೂರೂ ಹೋಗುತ್ತಿತ್ತು. 1951ರ ಕಾಗೋಡು ಸತ್ಯಾಗ್ರಹದ ಕೇಂದ್ರದಲ್ಲಿದ್ದದ್ದು ಗೇಣಿಯ ಪ್ರಶ್ನೆ. ಆದರೂ ಮನೆಯ ತಳವೂ ಒಡೆಯರದೇ ಆಗಿದ್ದ ಗೇಣಿದಾರನಿಗೆ ಉಳುಮೆಯ ಹಕ್ಕು, ವಾಸದ ಹಕ್ಕು ಬೇರೆಬೇರೆಯಾಗಿರಲಿಲ್ಲ. ಸಮಾಜವಾದಿ ನಾಯಕ, ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿಹೋದದ್ದು ಈ ಹೋರಾಟದ ಬಲದಿಂದ.

ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಗೇಣಿ ರದ್ದಾದದ್ದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 38ನೆಯ ಕಲಮಿನ ಬಗ್ಗೆ ಮಾತಾಡುವವರು ಕಡಿಮೆ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿ ಕಾರ್ಮಿಕನಿಗೆ ಆ ಮನೆ ಮತ್ತು ಅದರ ನಿವೇಶನದ ಒಡೆತನ ಕೊಡಲು ಅದು ದಾರಿ ಮಾಡಿತು. ಸರ್ಕಾರದ ಬೊಕ್ಕಸಕ್ಕೆ ಹೆಚ್ಚು ಭಾರವಿಲ್ಲದೆ ವಾಸದ ಭದ್ರತೆ ಕೊಟ್ಟ ಇಂಥ ಇನ್ನೊಂದು ಕ್ರಮ ನಮ್ಮ ರಾಜ್ಯದಲ್ಲಿ ನನಗೆ ಕಾಣುವುದಿಲ್ಲ. ಜನತಾ ಮನೆಗಳೂ ನಿವೇಶನ ಹಂಚಿಕೆಯೂ ಅದರ ಜೊತೆಗೇ ಬಂದವು. ಎಷ್ಟೋ ಊರುಗಳಲ್ಲಿ ‘ಜನತಾ ಕಾಲೊನಿ’ ಎಂಬ ಹೆಸರು ಇಂದಿಗೂ ಉಳಿದಿದೆ.

1991–92ರಲ್ಲಿ ಪಕ್ಕದ ಸೊರಬದವರಾದ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ ಆಶ್ರಯ ಯೋಜನೆ ಬಂತು. ಅದರ ಹಣದ ಏರ್ಪಾಟನ್ನು ಗಮನಿಸಬೇಕು. ಒಂದು ಪಾಲು ಸಹಾಯಧನ, ಇನ್ನೊಂದು ಪಾಲು ಸಾಲ. ಸಾಲದ ಪ್ರಮುಖ ಮೂಲ 1970ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ವಸತಿ ಸಾಲದ ಸಂಸ್ಥೆ ಹುಡ್ಕೊ. ಫಲಾನುಭವಿ ಕಂತು ಕಟ್ಟಬೇಕು, ಅದರಿಂದ ಹುಡ್ಕೊ ಸಾಲ ತೀರಬೇಕು ಎಂಬುದು ಕಾಗದದ ಮೇಲಿನ ಲೆಕ್ಕ. ಕೂಲಿ ಮಾಡಿ ಬದುಕುವವರಿಂದ ಆ ಕಂತು ನಿಯಮಿತವಾಗಿ ಬರಲಿಲ್ಲ. ಬಾಕಿ ಬೆಳೆಯಿತು, ಕೊನೆಗೆ ಅದರ ಹೊರೆ ಸರ್ಕಾರದ ಮೇಲೆಯೇ ಬಿತ್ತು. ಸಾಲವೆಂದು ಕೊಟ್ಟದ್ದು ತಡವಾಗಿ ಅನುದಾನವಾಯಿತು.

ಇಲ್ಲಿ ಮೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1999ರಲ್ಲಿ ಕರ್ನಾಟಕ ಸರ್ಕಾರಿ ಖಾತರಿಗಳ ಮೇಲೆ ಮಿತಿ ಹೇರುವ ಕಾಯ್ದೆ ಮಾಡಿತು: ಏಪ್ರಿಲ್ 1ರಂದು ಬಾಕಿ ಇರುವ ಒಟ್ಟು ಖಾತರಿ, ಅದಕ್ಕೆ ಎರಡು ವರ್ಷ ಹಿಂದಿನ ರಾಜಸ್ವ ಸ್ವೀಕೃತಿಯ ಶೇ. 80ನ್ನು ಮೀರಕೂಡದು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು, ವಿತ್ತೀಯ ಕೊರತೆಯನ್ನು ರಾಜ್ಯದ ಉತ್ಪನ್ನದ ಶೇ. 3ಕ್ಕೆ ಕಟ್ಟಿಹಾಕಿತು. ನಿಗಮ ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆ. ಅದು ಹುಡ್ಕೊದಿಂದ ತಂದ ಸಾಲ ಕಂಪನಿಯ ಸಾಲ, ತೀರಿಸುವ ದುಡ್ಡು ಮಾತ್ರ ರಾಜ್ಯದ ಬಜೆಟ್ಟಿನದು. ನೀರಾವರಿಗೆ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ತೋರಿದ್ದ ದಾರಿ ಇದು. ಮಹಾಲೇಖಪಾಲರ ವರದಿಗಳು ‘ಬಜೆಟ್ ಹೊರಗಿನ ಸಾಲ’ ಎಂಬ ಶೀರ್ಷಿಕೆಯಡಿ ಈ ನಿಗಮಗಳನ್ನು ಹೆಸರಿಸುತ್ತ ಬಂದವು. ಮುಂದೆ ಕರ್ನಾಟಕವೇ ತನ್ನ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ‘ಒಟ್ಟು ಹೊಣೆ’ಯ ವ್ಯಾಖ್ಯೆಯಲ್ಲಿ, ಬಜೆಟ್ಟಿನಿಂದ ತೀರಿಸುವ ಇಂಥ ಸಾಲವನ್ನೂ ಸೇರಿಸಿಕೊಂಡಿತು. ಆ ಪ್ರಾಮಾಣಿಕತೆಗೆ ಮನ್ನಣೆ ಸಲ್ಲಬೇಕು.

2022ರ ಮಾರ್ಚ್ ಕೊನೆಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕದ ಮುಚ್ಚಿತು. ಅಸಲನ್ನೋ ಬಡ್ಡಿಯನ್ನೋ ರಾಜ್ಯದ ಬಜೆಟ್ಟಿನಿಂದ ಕಟ್ಟುವುದಾದರೆ, ನಿಗಮ ಮಾಡಿದ ಸಾಲವನ್ನೂ ಸಂವಿಧಾನದ 293(3)ನೆಯ ವಿಧಿಯಡಿ ರಾಜ್ಯದ ಸಾಲವೆಂದೇ ಎಣಿಸುವುದಾಗಿ ಅದು ರಾಜ್ಯಗಳಿಗೆ ತಿಳಿಸಿತು. ಕೇರಳ ಇದನ್ನು ಒಪ್ಪದೆ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್‌ನಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು.

ಸಾಲ ಯಾರ ಲೆಕ್ಕಕ್ಕೆ ಎಂಬ ಜಗಳ ಬೇರೆ ದೇಶಗಳಲ್ಲೂ ನಡೆದಿದೆ. ಇಂಗ್ಲೆಂಡಿನಲ್ಲಿ ಬಡವರ ಬಾಡಿಗೆ ಮನೆಗಳನ್ನು ಹೆಚ್ಚಾಗಿ ನಡೆಸುವುದು ಲಾಭರಹಿತ ವಸತಿ ಸಂಘಗಳು. 2015ರ ಅಕ್ಟೋಬರಿನಲ್ಲಿ ಅಲ್ಲಿನ ಅಂಕಿಅಂಶ ಕಚೇರಿ ಆ ಸಂಘಗಳನ್ನು ಸಾರ್ವಜನಿಕ ವಲಯಕ್ಕೆ ಸೇರಿಸಿತು. ಸುಮಾರು 60 ಶತಕೋಟಿ ಪೌಂಡುಗಳ ಸಾಲ ದೇಶದ ಲೆಕ್ಕಕ್ಕೆ ಬಂತು. ಸರ್ಕಾರ ತನ್ನ ಹಿಡಿತ ಸಡಿಲಿಸಿ ಕಾನೂನು ಬದಲಿಸಿದ ಮೇಲೆ, 2017ರ ನವೆಂಬರಿನಲ್ಲಿ ಅವು ಮತ್ತೆ ಖಾಸಗಿ ಪಟ್ಟಿಗೆ ಹೋದವು. ಐರ್ಲೆಂಡಿನ ದೊಡ್ಡ ವಸತಿ ಸಂಸ್ಥೆಗಳು 2018ರಲ್ಲಿ ಸರ್ಕಾರದ ಲೆಕ್ಕಕ್ಕೆ ಸೇರಿದವು. ಮೇಲುನೋಟಕ್ಕೆ ನಮ್ಮದೂ ಅದೇ ಜಗಳ. ಆದರೆ ಮೂಲದಲ್ಲಿ ವ್ಯತ್ಯಾಸವಿದೆ. ಆ ಸಂಘಗಳ ಕೈಯಲ್ಲಿ ಮನೆಗಳಿವೆ, ತಿಂಗಳ ಬಾಡಿಗೆ ಇದೆ, ಸಾಲದ ದೊಡ್ಡ ಪಾಲು ಅದರಿಂದಲೇ ತೀರುತ್ತದೆ. ನಮ್ಮ ನಿಗಮಕ್ಕೆ ಬಾಡಿಗೆ ಬರುವುದಿಲ್ಲ, ಕಟ್ಟಿಸಿಕೊಟ್ಟ ಮನೆಯ ಒಡೆತನವೂ ಇಲ್ಲ. ಅದು ಹಣ ಹಾಯಿಸುವ ಕಾಲುವೆ. ಹಾಗಾಗಿ ಒಕ್ಕೂಟದ ಹಕ್ಕುಗಳ ವಾದ ಏನೇ ಇರಲಿ, ಲೆಕ್ಕಶಾಸ್ತ್ರದ ಮಟ್ಟಿಗೆ ಕೇಂದ್ರದ 2022ರ ನಿಲುವು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ.

ಆ ಲೆಕ್ಕದ ಪೆಟ್ಟು ಬೀಳುವುದು ಎಲ್ಲಿ? ವಸತಿ ನೆರವು ಒಮ್ಮೆಗೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಿವೆ. ಪ್ರತಿ ಹಂತದಲ್ಲೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೊ ತೆಗೆಯಬೇಕು, ಆಮೇಲೆ ಕಂತು ಖಾತೆಗೆ. ಬಯಲುಸೀಮೆಯಲ್ಲಿ ಕಂತು ಎರಡು ತಿಂಗಳು ತಡವಾದರೆ ಕೆಲಸ ಎರಡು ತಿಂಗಳು ತಡವಾಗುತ್ತದೆ. ಆಗುಂಬೆ, ಹುಲಿಕಲ್ಲಿನ ಸುತ್ತಮುತ್ತ ಹಾಗಲ್ಲ. ಏಪ್ರಿಲ್‌ನಲ್ಲಿ ಬರಬೇಕಾದ ಲಿಂಟಲ್ ಕಂತು ಜೂನ್‌ಗೆ ಹೋದರೆ ಮಳೆ ಹಿಡಿದು ಒಂದು ಇಡೀ ವರ್ಷವೇ ಹೋದಂತೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಜಂಬಿಟ್ಟಿಗೆಯ ಗೋಡೆಗೆ ಅಡಿಕೆ ಸೋಗೆ, ಟಾರ್ಪಾಲು ಹೊದಿಸಿ, ಸಂಸಾರ ಪಕ್ಕದ ಗುಡಿಸಲಿನಲ್ಲಿ ಮಳೆಗಾಲ ಕಳೆಯುತ್ತದೆ. ಮಳೆಗೆ ಮೊದಲು ಛಾವಣಿ ಮುಗಿಸಲೇಬೇಕೆಂದರೆ ತೋಟದವರ ಹತ್ತಿರ ಕೈಗಡ ತಂದು, ಅದನ್ನು ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿದು ತೀರಿಸಬೇಕು. 38ನೆಯ ಕಲಮು ಬಿಡಿಸಿದ ಗಂಟನ್ನು ತಡವಾದ ಕಂತು ಮತ್ತೆ ಬಿಗಿಯುತ್ತದೆ. ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು.

ಮೊತ್ತದ ಮಾತೂ ಇದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ರೂಪಾಯಿ ನಿಗದಿ ಮಾಡಿತು. ಹೊಸನಗರದ ಘಟ್ಟದಂಚಿನ ಮನೆಗೂ ಬಯಲಿನ ದರವೇ. ಸಾಗರದ ಕರೂರು ಹೋಬಳಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ದೊರೆತದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚ್ ದಾಟಿಯೋ ಸುತ್ತು ಬಳಸಿಯೋ ತರುವ ಸಿಮೆಂಟಿನ ಬೆಲೆಗೂ ಈ ದರಕ್ಕೂ ಸಂಬಂಧವೇ ಇರಲಿಲ್ಲ.

ಇನ್ನು ಜಾಗ. ನಿವೇಶನದ ದಾಖಲೆ ಇಲ್ಲದವನಿಗೆ ಕಂತು ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಸಾಗರ, ಹೊಸನಗರದ ಊರೂರುಗಳೇ ಒಕ್ಕಲೆದ್ದವು. ಸಂತ್ರಸ್ತರಿಗೆ ಕೊಟ್ಟ ಜಾಗದ ಬಹುಪಾಲು ದಾಖಲೆಯಲ್ಲಿ ಅರಣ್ಯವಾಗಿ ಉಳಿಯಿತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಆ ತೊಡಕನ್ನು ಇನ್ನೂ ಬಿಗಿಗೊಳಿಸಿತು. ಕಾನು, ಸೊಪ್ಪಿನಬೆಟ್ಟಗಳ ಅಂಚಿನ ಮನೆಗಳದ್ದೂ ಇದೇ ಪಾಡು. ಸರ್ಕಾರಿ ಜಾಗದಲ್ಲಿ 2012ಕ್ಕೆ ಮೊದಲು ಕಟ್ಟಿಕೊಂಡ ಮನೆಗಳಿಗೆ ಭೂಕಂದಾಯ ಕಾಯ್ದೆಯ 94ಸಿ, ಖಾಸಗಿ ಜಮೀನಿನ ದಾಖಲೆರಹಿತ ಜನವಸತಿಗಳಿಗೆ ಭೂಸುಧಾರಣಾ ಕಾಯ್ದೆಯ 38ಎ ದಾರಿಯಾದವು. 2016ರಿಂದ ಕಂದಾಯ ಸಚಿವರಾಗಿ 38ಎ ತಿದ್ದುಪಡಿಯನ್ನು ಮುನ್ನಡೆಸಿದವರು ಸಾಗರದ ಅಂದಿನ ಶಾಸಕ ಕಾಗೋಡು ತಿಮ್ಮಪ್ಪ. ಅರಣ್ಯದ ಗಡಿಯೊಳಗೆ ಇವೆರಡೂ ನಡೆಯುವುದಿಲ್ಲ. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇತರ ಪಾರಂಪರಿಕ ವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯ ಕೇಳುತ್ತದೆ.

ಲಾಭರಹಿತ ಸಂಸ್ಥೆಯ ಬೀಜ ಈ ನೆಲದಲ್ಲಿ ಇರಲಿಲ್ಲವೆಂದಲ್ಲ. ದೇಶದ ಮೊದಲ ಗೃಹ ಸಹಕಾರ ಸಂಘವೆಂದು ಹೆಸರಾದದ್ದು 1909ರ ಬೆಂಗಳೂರಿನ ಸಂಘ. 1939ರಲ್ಲಿ ಹುಟ್ಟಿದ ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ ಅಡಿಕೆ ಬೆಳೆಗಾರರ ಹಣವನ್ನು ತಲೆಮಾರುಗಳ ಕಾಲ ನಂಬಿಕೆಯಿಂದ ನಿರ್ವಹಿಸಿದೆ, ಆದರೆ ತೋಟದ ಕೂಲಿಯವರ ವಸತಿ ಅದರ ಉದ್ದೇಶವಲ್ಲ. ಜಿಲ್ಲಾ ನಿರ್ಮಿತಿ ಕೇಂದ್ರಗಳು ಕಡಿಮೆ ಖರ್ಚಿನ ಮನೆಗಳಿಗೆಂದೇ ಹುಟ್ಟಿದ ನೋಂದಾಯಿತ ಸಂಘಗಳು, ಕ್ರಮೇಣ ಸರ್ಕಾರಿ ಕಟ್ಟಡಗಳ ಗುತ್ತಿಗೆಯಲ್ಲೇ ಮುಳುಗಿದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ‘ವಾತ್ಸಲ್ಯ’ ಹೆಸರಿನಲ್ಲಿ ನಿರ್ಗತಿಕರಿಗೆ ಮನೆ ಕಟ್ಟಿಸಿಕೊಡುತ್ತದೆ. ಅದು ದಾನ, ವ್ಯವಸ್ಥೆಯಲ್ಲ. ಕೇರಳದಲ್ಲಿ 1985ರಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮತ್ತು ಮಾಜಿ ಮುಖ್ಯಮಂತ್ರಿ ಅಚ್ಯುತ ಮೆನನ್ ಜೊತೆಗೂಡಿ ಹುಟ್ಟುಹಾಕಿದ ಕಾಸ್ಟ್‌ಫೋರ್ಡ್‌ನಂಥ ಕಟ್ಟುವ ಸಂಸ್ಥೆ ನಮ್ಮ ಮಲೆನಾಡಿಗೆ ಬರಲಿಲ್ಲ.

ಬಾಡಿಗೆಯಿಂದಲೇ ಸಾಲ ತೀರಿಸುವ ಸಂಘ ಅಡಿಕೆ ಸುಲಿಯುವ ಹೆಂಗಸಿನ ಮನೆಯನ್ನು ಪೂರ್ತಿ ಹೊರಲಾರದು, ಅದು ನಿಜ. ಅವಳ ಪಾಲಿನ ಅನುದಾನವನ್ನು ಸರ್ಕಾರ ಬಜೆಟ್ಟಿನಲ್ಲೇ ನೇರವಾಗಿ ತೋರಿಸಲಿ. ನಿಗಮದ ಹೆಸರಿನ ಸಾಲ ಬೇಡ. ತಿಂಗಳಿಗಿಷ್ಟು ಬಾಡಿಗೆ ಕೊಡಬಲ್ಲ ಅಂಗನವಾಡಿ ಕಾರ್ಯಕರ್ತೆ, ಆಟೊ ಚಾಲಕ, ಅಂಗಡಿ ಸಹಾಯಕರಂಥವರಿಗೆ ತಾಲ್ಲೂಕು ಮಟ್ಟದ ವಸತಿ ಸಹಕಾರ ಸಂಘ ಪಂಚಾಯಿತಿ ಜಾಗದಲ್ಲಿ ಮನೆ ಕಟ್ಟಿಸಲಿ. ಅವರ ಬಾಡಿಗೆಯಿಂದ ತೀರುವ ಸಾಲಕ್ಕೆ ರಾಜ್ಯದ ಮಿತಿ ಅಡ್ಡ ಬರುವುದಿಲ್ಲ. ಇವೆಲ್ಲಕ್ಕೂ ಮೊದಲು ನಾಳೆಯೇ ಮಾಡಬಹುದಾದ ಕೆಲಸವೊಂದಿದೆ: ಈ ಮೂರು ತಾಲ್ಲೂಕುಗಳಲ್ಲಿ ಆಯಾ ವರ್ಷ ಕೆಲಸ ಶುರುವಾದ ಮನೆಗಳ ಛಾವಣಿಯವರೆಗಿನ ಕಂತುಗಳನ್ನು ಮೇ 15ರೊಳಗೆ ಕೊಟ್ಟು ಮುಗಿಸುವಂತೆ ಒಂದು ಆದೇಶ ಹೊರಡಿಸುವುದು. ಅದಕ್ಕೆ ಹೊಸ ಸಾಲ ಬೇಕಿಲ್ಲ.