ಹಾಜಿಗಳು ಕಡಿಮೆಯಾದಾಗ ಬರೆದ ಎಣ್ಣೆಯ ಕರಾರು

ಸೌದಿ ಅರೇಬಿಯಾ ಎಂದರೆ ಎಣ್ಣೆ ಎಂದೇ ನಮ್ಮ ಮನಸ್ಸಿನಲ್ಲಿದೆ. ಆದರೆ ಆ ರಾಜ್ಯದ ಬೊಕ್ಕಸವು ಒಂದು ಕಾಲದಲ್ಲಿ ಹಜ್ಜ್ ಯಾತ್ರಿಕರನ್ನೇ ನಂಬಿಕೊಂಡಿತ್ತು. ಒಳ್ಳೆಯ ವರ್ಷಗಳಲ್ಲಿ ಹೊರದೇಶಗಳಿಂದ ಸುಮಾರು ಒಂದು ಲಕ್ಷ ಹಾಜಿಗಳು ಬರುತ್ತಿದ್ದರು. ಅವರಲ್ಲಿ ದೊಡ್ಡ ಪಾಲು ಜಾವಾ ಮತ್ತು ಹಿಂದೂಸ್ತಾನದವರದು. 1929ರ ಆರ್ಥಿಕ ಕುಸಿತದಿಂದ ಈ ನಾಡುಗಳ ಬೆಳೆಗೆ ಬೆಲೆ ಇಲ್ಲದಂತಾಯಿತು. ಬೆಳೆ ಮಾರಿ ಹಡಗು ಹತ್ತುತ್ತಿದ್ದ ರೈತ ಊರಲ್ಲೇ ಉಳಿದ. ಕೆಲವೇ ವರ್ಷಗಳಲ್ಲಿ ಹಾಜಿಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ದೊರೆ ಅಬ್ದುಲ್ ಅಝೀಝ್ ಸಾಲದಲ್ಲಿ ಮುಳುಗಿದರು.

ಎಣ್ಣೆಯ ಕರಾರನ್ನು ಓದುವಾಗ ಈ ಹಿನ್ನೆಲೆ ಮರೆಯಬಾರದು. 1933ರ ಮೇ 29ರಂದು ಜಿದ್ದಾದಲ್ಲಿ ಹಣಕಾಸು ಮಂತ್ರಿ ಅಬ್ದುಲ್ಲಾ ಸುಲೈಮಾನ್ ಅವರು ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯೊಂದಿಗೆ ಸಹಿ ಹಾಕಿದರು. ಅವಧಿ 60 ವರ್ಷ. ಮೊದಲ ಕಂತು 35,000 ಚಿನ್ನದ ಪೌಂಡು. ಅದರಲ್ಲೂ 30,000 ಸಾಲ, 5,000 ಮಾತ್ರ ಬಾಡಿಗೆ. ಎಣ್ಣೆ ಸಿಕ್ಕರೆ ಟನ್ನಿಗೆ 4 ಚಿನ್ನದ ಶಿಲ್ಲಿಂಗ್. ಬ್ರಿಟಿಷರ ಹಿಡಿತದ ಇರಾಕ್ ಪೆಟ್ರೋಲಿಯಂ ಕಂಪೆನಿ ಕೊಡಲು ಬಂದದ್ದು ಇದಕ್ಕಿಂತ ಬಹಳ ಕಡಿಮೆ. ಅದಕ್ಕೆ ಎಣ್ಣೆಯ ಕೊರತೆ ಇರಲಿಲ್ಲ, ಬೇರೆಯವರು ಒಳಬರದಿದ್ದರೆ ಸಾಕಿತ್ತು. ದೊರೆಗೆ ಸಲಹೆ ಕೊಡುತ್ತಿದ್ದ, ಇಸ್ಲಾಮ್ ಸ್ವೀಕರಿಸಿದ್ದ ಆಂಗ್ಲ ಫಿಲ್ಬಿ ಅದೇ ವೇಳೆ ಅಮೆರಿಕನ್ ಕಂಪೆನಿಯ ಸಂಬಳವನ್ನೂ ಪಡೆಯುತ್ತಿದ್ದರು! ಅಮೆರಿಕ ಸರಕಾರ ಚಿನ್ನ ಹೊರಗೆ ಬಿಡಲಿಲ್ಲ. ಕಂಪೆನಿ ಲಂಡನಿನಲ್ಲಿ ನಾಣ್ಯ ಕೊಂಡು ಹಡಗಿನಲ್ಲಿ ಕಳುಹಿಸಿತು. ಜಿದ್ದಾದ ಡಚ್ ಬ್ಯಾಂಕಿನಲ್ಲಿ ಅವನ್ನು ಒಂದೊಂದಾಗಿ ಎಣಿಸಲಾಯಿತು. ಜಾವಾದ ಹಾಜಿಗಳ ಸೇವೆಗೆಂದು ಅಲ್ಲಿ ಬಂದ ಬ್ಯಾಂಕು ಅದು.

ನೆಲದೊಳಗಿನ ಸಂಪತ್ತನ್ನು ಹೀಗೆ ಒಬ್ಬರಿಗೆ ಬರೆದುಕೊಡಬಹುದೇ? ಫಿಕ್ಹ್ ವಿದ್ವಾಂಸರಿಗೆ ಇದು ಹೊಸ ಪ್ರಶ್ನೆಯಲ್ಲ. ಯಮನಿನ ಮಾರಿಬ್‌ನ ಉಪ್ಪಿನ ನೆಲೆಯನ್ನು ತನಗೆ ಕೊಡಬೇಕೆಂದು ಅಬ್ಯದ್ ಬಿನ್ ಹಮ್ಮಾಲ್(ರ) ಕೇಳಿಕೊಂಡಾಗ ಪ್ರವಾದಿವರ್ಯರು(ಸ) ಒಪ್ಪಿಕೊಂಡಿದ್ದರು. ಅದು ಎಂದೂ ಬತ್ತದ ನೀರಿನಂಥದ್ದೆಂದು ಅಲ್ಲಿದ್ದವರೊಬ್ಬರು ತಿಳಿಸಿದಾಗ ಹಿಂತೆಗೆದುಕೊಂಡರು. ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಈ ವೃತ್ತಾಂತವಿದೆ. ಶ್ರಮವಿಲ್ಲದೆ ಎಲ್ಲರಿಗೂ ಸಿಗುವ ಖನಿಜವನ್ನು ಒಬ್ಬರಿಗೆ ವಹಿಸಬಾರದೆಂದು ವಿದ್ವಾಂಸರು ಇದರಿಂದ ತಿಳಿದುಕೊಂಡರು. ಆಳದಲ್ಲಿ ಅಗೆದು ತೆಗೆಯಬೇಕಾದ ಖನಿಜದ ಬಗ್ಗೆ ಭಿನ್ನಾಭಿಪ್ರಾಯವಿದೆ. ಅದು ಯಾರ ಜಮೀನಿನಲ್ಲಿದ್ದರೂ ಸಮುದಾಯದ ಪರವಾಗಿ ಆಡಳಿತಗಾರನ ವಶದಲ್ಲಿರಬೇಕೆಂಬುದು ಮಾಲಿಕೀ ಮದ್‌ಹಬ್‌ನ ಪ್ರಸಿದ್ಧ ನಿಲುವು. ಎಣ್ಣೆಗೆ ಹೆಚ್ಚು ಹೊಂದುವುದು ಇದೇ ಎಂದು ನನಗನಿಸುತ್ತದೆ. ಆದರೆ ಆಡಳಿತಗಾರನೇ ಸಾಲದಲ್ಲಿದ್ದಾಗ ಸಮುದಾಯದ ಪರ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಕಂಪೆನಿಗೂ ಎಣ್ಣೆ ಸುಲಭವಾಗಿ ಸಿಗಲಿಲ್ಲ. 1935ರಲ್ಲಿ ದಮ್ಮಾಮ್ ಗುಡ್ಡದಲ್ಲಿ ಕೊರೆಯುವ ಕೆಲಸ ಆರಂಭವಾಯಿತು. ಒಂದರ ಹಿಂದೆ ಒಂದು ಬಾವಿ ನಿರಾಸೆ ತಂದಿತು. ಭೂವಿಜ್ಞಾನಿ ಮ್ಯಾಕ್ಸ್ ಸ್ಟೈನಿಕಿ ಮಾತ್ರ ಇನ್ನೂ ಆಳಕ್ಕೆ ಹೋಗಬೇಕೆಂದು ಪಟ್ಟು ಹಿಡಿದರು. ಮರುಭೂಮಿಯಲ್ಲಿ ಅವರಿಗೆ ದಾರಿ ತೋರಿಸಿದ್ದು ಅಜ್ಮಾನ್ ಗೋತ್ರದ ಬದವಿ ಖಮೀಸ್ ಬಿನ್ ರಿಮ್ಸಾನ್. ಅವರ ಹೆಸರು ಈಗ ಒಂದು ಎಣ್ಣೆ ಕ್ಷೇತ್ರಕ್ಕಿದೆ. 1938ರ ಮಾರ್ಚ್‌ನಲ್ಲಿ ಏಳನೇ ಬಾವಿಯು ಸುಮಾರು 1,440 ಮೀಟರ್ ಆಳದಿಂದ ದಿನಕ್ಕೆ 1,585 ಬ್ಯಾರೆಲ್ ಕೊಡತೊಡಗಿತು. ಮುಂದಿನ ವರ್ಷ ರಾಸ್ ತನೂರಾದಲ್ಲಿ ಮೊದಲ ಹಡಗಿಗೆ ಎಣ್ಣೆ ತುಂಬುವ ಕೊಳವೆಯ ತಿರುಪನ್ನು ದೊರೆ ತಾವೇ ತಿರುಗಿಸಿದರು.

ಎಣ್ಣೆ ಹರಿಯಿತು, ಹಣ ಹರಿದದ್ದು ಬೇರೆ ಕಡೆಗೆ. 1949ರಲ್ಲಿ ಅರಾಮ್ಕೋದಿಂದ ಸೌದಿಗೆ ಸಿಕ್ಕಿದ್ದು ಸುಮಾರು 3 ಕೋಟಿ 90 ಲಕ್ಷ ಡಾಲರ್. ಅದೇ ಕಂಪೆನಿ ಅಮೆರಿಕ ಸರಕಾರಕ್ಕೆ ಕಟ್ಟಿದ ತೆರಿಗೆ 4 ಕೋಟಿ 30 ಲಕ್ಷ. ನೆಲದ ಒಡೆಯನಿಗಿಂತ ದೂರದ ತೆರಿಗೆ ಇಲಾಖೆಗೇ ಹೆಚ್ಚು! ಇದನ್ನು ತಿಳಿದ ಮೇಲೆ ಸೌದಿ ಸುಮ್ಮನಿರಲಿಲ್ಲ. 1950ರ ಕೊನೆಗೆ ಲಾಭದಲ್ಲಿ ಅರ್ಧ ಪಾಲು ಪಡೆಯಿತು. ಬೆಲೆ ನಿಗದಿ ಮಾತ್ರ ಕಂಪೆನಿಗಳ ಕೈಯಲ್ಲೇ ಇತ್ತು. 1960ರ ಆಗಸ್ಟ್‌ನಲ್ಲಿ ಅವು ಯಾರನ್ನೂ ಕೇಳದೆ ಬೆಲೆ ಇಳಿಸಿದವು. ಮರುತಿಂಗಳೇ ಬಗ್ದಾದಿನಲ್ಲಿ ಸೌದಿ, ಇರಾಕ್, ಇರಾನ್, ಕುವೈತ್, ವೆನೆಜುವೆಲಾ ಸೇರಿ ಒಪೆಕ್ ಕಟ್ಟಿದವು. 1973ರ ಅಕ್ಟೋಬರ್ ಯುದ್ಧದ ಹೊತ್ತಿಗೆ ಬೆಲೆ ಹೇಳುವ ಅಧಿಕಾರ ಉತ್ಪಾದಕ ದೇಶಗಳಿಗೆ ಬಂತು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದದ್ದು 1974ರ ಜನವರಿಗೆ 11 ದಾಟಿತು. ಎಣ್ಣೆ ಆಮದು ಮಾಡಿಕೊಳ್ಳುವ ಭಾರತದಂಥ ಬಡ ದೇಶಗಳಿಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಆ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಅದೇ ಹಣದಿಂದ ದಮ್ಮಾಮ್, ಜುಬೈಲ್‌ಗಳಲ್ಲಿ ಎದ್ದ ಕೆಲಸಗಳಿಗೆ ನಮ್ಮ ಕರಾವಳಿಯ ಯುವಕರು ಹೊರಟದ್ದು ಮಾತ್ರ ಮನೆಮನೆಗೂ ಗೊತ್ತು.

1980ರಲ್ಲಿ ಸೌದಿ ಸರಕಾರ ಅರಾಮ್ಕೋದ ಉಳಿದ ಪಾಲನ್ನೂ ಕೊಂಡಿತು. ದಮ್ಮಾಮಿನ ಏಳನೇ ಬಾವಿ ಆಗಲೂ ಎಣ್ಣೆ ಕೊಡುತ್ತಿತ್ತು. ಅದನ್ನು ನಿಲ್ಲಿಸಿದ್ದು 1982ರಲ್ಲಿ.